ಪಡುಗಡಲಿನ ಕೆನ್ನೀರು

ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸೀಮೆಯಲ್ಲಿ ವಾಸಿಸತಕ್ಕ ನಮಗೆ ಸಮುದ್ರವು ಪುರಾಣದಲ್ಲಿ ಕೇಳುವ ವಸ್ತುವೇ ಹೊರತು ನಿತ್ಯವೂ ಕಣ್ಣಿಗೆ ಬೀಳುವ ವಸ್ತುವಲ್ಲ. ನಮ್ಮ ಹಳ್ಳಗಳ ನೀರು ಸಹ ಕೃಷ್ಣಾ ತುಂಗಭದ್ರೆಗಳನ್ನು ಸೇರಿ ಮೂಡಣ ಕಡಲಿಗೇ ಹೋಗುತ್ತದೆ. ಆದರೆ ನಮ್ಮ ಹೊಲಗಳಿಗೆ ಮುಂಗಾರನ್ನು ತರುವ ಗಾಳಿಯು ಪಡುಗಡಲಿನ ಮೇಲೆ ಹಾದು ಬರತಕ್ಕದ್ದು. ಸಹ್ಯಾದ್ರಿಯನ್ನು ದಾಟಿ ನಮ್ಮನ್ನು ಮುಟ್ಟುವಷ್ಟರಲ್ಲಿ ಬಹುಮಟ್ಟಿಗೆ ಬರಿದಾಗಿಬಿಡುವ ಆ ಗಾಳಿಯು, ದಾರಿಯಲ್ಲಿ ಕರಾವಳಿಯ ನೀರನ್ನು ಸರಿಸಿ, ಆಳದ ತಣ್ಣೀರು ಮೇಲೇಳುವಂತೆ ಮಾಡುತ್ತದೆ. ತಣ್ಣೀರಿನೊಡನೆ ಬರುವ ಲವಣಗಳು ಕಡಲಿಗೆ ಗೊಬ್ಬರವಿದ್ದಂತೆ. ಅವುಗಳಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಬೆಳೆಯುತ್ತವೆ. ಬೂತಾಯಿ ಬಂಗುಡೆಗಳ ಸಮೃದ್ಧಿಗೆ ಅವೇ ಮೂಲ. ಯಾವುದೋ ಒಂದು ಜಾತಿ ಮಾತ್ರ ಮಿತಿಮೀರಿ ಹಬ್ಬಿದಾಗ, ನೀರು ಕೆಂಪಾಗಿಯೋ ಹಸುರಾಗಿಯೋ ತಿರುಗಿ, ಕೆಲವು ವೇಳೆ ಮೀನುಗಳು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಂದು ಬೀಳುವುದುಂಟು.

ಈ ವಿಚಾರವನ್ನು ನಮ್ಮ ದೇಶದಲ್ಲಿ ಮೊದಮೊದಲು ಶಾಸ್ತ್ರೀಯವಾಗಿ ಬರೆದವರಲ್ಲಿ ಮದರಾಸು ಸರಕಾರದ ಮೀನುಗಾರಿಕೆಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬವನು ಮುಖ್ಯನು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. 1908ರಿಂದ ಇದನ್ನು ಗಮನಿಸುತ್ತ ಬಂದ ಅವನು, ಮಸ್ಕಿಯ ಅಶೋಕಶಾಸನವು ಬೆಳಕಿಗೆ ಬಂದ ಎರಡು ವರ್ಷಗಳ ತರುವಾಯ, ಎಂದರೆ 1917ರಲ್ಲಿ, ಮಲಬಾರು ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಮೀನುಗಳು ಸಾಯುವುದಕ್ಕೆ ಒಂದು ಏಕಕೋಶಜೀವಿಯೇ ಕಾರಣವೆಂದು ಪ್ರಕಟಿಸಿದನು.

ಇಷ್ಟು ತಿಳಿದಿದ್ದರೂ, ಬೂತಾಯಿಯು ಕ್ಷೀಣಿಸಿದಾಗ ಸರಕಾರದ ದೃಷ್ಟಿಯು ಮೊದಲು ಬೆಸ್ತರ ಬಲೆಯ ಮೇಲೆಯೇ ಬಿದ್ದಿತು. 1943ರಲ್ಲಿ ಮದರಾಸು ಸರಕಾರವು ಆ ಮೀನನ್ನು ಹಿಡಿಯುವುದರ ಮೇಲೆ ಕೆಲವು ನಿರ್ಬಂಧಗಳನ್ನು ವಿಧಿಸಿತು. ಬಲೆಯು ನಿರ್ದೋಷಿಯೆಂದು ನಾನು ವಾದಿಸುವುದಿಲ್ಲ. ಆದರೆ 1950ರಲ್ಲಿ ಭೀಮಾಚಾರ್ ಮತ್ತು ಜಾರ್ಜ್ ಎಂಬ ಸಂಶೋಧಕರು, ಮಲಬಾರು ಕನ್ನಡ ತೀರಗಳ ಮೀನುಗಾರಿಕೆಯು ಹಠಾತ್ತಾಗಿ ಕುಸಿಯುವುದಕ್ಕೆ ಕೆನ್ನೀರು ಸಂಭಾವ್ಯ ಕಾರಣವೆಂದು ತೋರಿಸಿದರು. ಅವರು ವಿಚಾರಿಸಿದ ಜೀವಿಯ ಹೆಸರು ನಾಕ್ಟಿಲ್ಯೂಕ. ರಾತ್ರಿಯಲ್ಲಿ ಅಲೆಯ ನೊರೆಯನ್ನು ನೀಲವಾಗಿ ಬೆಳಗಿಸುವುದೂ ಇದೇ. ಹಗಲಲ್ಲಿ ಇದರ ದಟ್ಟಣೆಯಿಂದ ನೀರು ಕೆಂಪಾಗುತ್ತದೆ, ಅಮೋನಿಯ ಹೆಚ್ಚುತ್ತದೆ, ಪ್ರಾಣವಾಯು ಕುಗ್ಗುತ್ತದೆ. ಬೆಸ್ತನ ಮಡಕೆ ಬರಿದಾದುದಕ್ಕೆ ಬೆಸ್ತನೊಬ್ಬನೇ ಹೊಣೆಯಲ್ಲವೆಂಬ ಮಾತು ಸರಕಾರಿ ಕಾಗದಗಳ ಹೊರಗೆ ಎಷ್ಟು ದೂರ ಹೋಯಿತೋ!

1954ರಲ್ಲಿ ಆರ್. ಸುಬ್ರಹ್ಮಣ್ಯನ್ ಅವರು ಮಲಬಾರಿನ ಕಡಲನ್ನು ಹಸುರಾಗಿಸಿ ಜಲಚರಗಳನ್ನು ಕೊಲ್ಲುವ ಒಂದು ಪಾಚಿಯನ್ನು ವರ್ಣಿಸಿ, ಹಾರ್ನೆಲ್ಲನ ನೆನಪಿಗಾಗಿ ಅದಕ್ಕೆ ಹಾರ್ನೆಲಿಯ ಎಂದು ನಾಮಕರಣ ಮಾಡಿದರು. ಈಗ ಅದನ್ನು ಚಾಟೊನೆಲ್ಲ ಎಂಬ ಕುಲಕ್ಕೆ ಸೇರಿಸಿರುವರು. ಇದು ಮೀನಿನ ಕಿವಿರುಗಳನ್ನು ಕೆಡಿಸುವುದರಿಂದ ಮೀನು ನೀರಿನಲ್ಲಿದ್ದೇ ಉಸಿರುಕಟ್ಟಿ ಸಾಯುತ್ತದೆ. 1972ರಲ್ಲಿ ಜಪಾನಿನ ಒಳಗಡಲಲ್ಲಿ ಇದೇ ಕುಲದ ಪಾಚಿಯು ಹಬ್ಬಿ, ಸಾಕಿದ ಮೀನುಗಳು ಸುಮಾರು 1 ಕೋಟಿ 40 ಲಕ್ಷದಷ್ಟು ನಾಶವಾದುವು.

ಇನ್ನೊಂದು ಬಗೆಯ ಪಾಚಿಗಳುಂಟು. ಮೀನಿಗಿಂತ ಮನುಷ್ಯನಿಗೆ ಅವುಗಳ ಭಯ ಹೆಚ್ಚು. ಅವುಗಳನ್ನು ಸೋಸಿ ತಿನ್ನುವ ಕಪ್ಪೆಚಿಪ್ಪುಗಳಿಗೆ ಅಪಾಯ ತೋರುವುದಿಲ್ಲ. ವಿಷವೆಲ್ಲವೂ ಅವುಗಳ ಮಾಂಸದಲ್ಲಿ ಕೂಡಿಕೊಳ್ಳುತ್ತದೆ. ಆ ಮಾಂಸವನ್ನು ತಿಂದವರಿಗೆ ಮೊದಲು ತುಟಿ ನಾಲಿಗೆಗಳು ಜುಮ್ಮೆನ್ನುವುವು, ತರುವಾಯ ಕೈಕಾಲು ಸೋಲುವುವು, ವಿಷ ಹೆಚ್ಚಾಗಿದ್ದರೆ ಉಸಿರೇ ನಿಲ್ಲುವುದು. ಇದಕ್ಕೆ ಪ್ರತ್ಯೌಷಧವಿಲ್ಲ, ಕುದಿಸಿದರೂ ವಿಷ ಹೋಗದು. 1793ರಲ್ಲಿ ಅಮೆರಿಕದ ವಾಯವ್ಯ ತೀರವನ್ನು ಅಳೆಯುತ್ತಿದ್ದ ವ್ಯಾಂಕೂವರನ ನಾವಿಕನೊಬ್ಬನು ಹೀಗೆಯೇ ಸತ್ತನು. ಈ ವಿಷಕ್ಕೂ ಪಾಚಿಗೂ ಇರುವ ಸಂಬಂಧವು 1937ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರಿಂದ ಸ್ಥಾಪಿತವಾಯಿತು.

ಅದಾಗಿ 46 ವರ್ಷಗಳ ಮೇಲೆ, 1983ರಲ್ಲಿ, ಕಾಸರಗೋಡಿನ ಕುಂಬಳೆಯ ಅಳಿವೆಯಿಂದ ತೆಗೆದ ಮರುವಾಯಿಯನ್ನು ತಿಂದವರಲ್ಲಿ ಒಬ್ಬ ಹುಡುಗನು ಮೃತನಾದನು. ಇನ್ನು ಹಲವರು ಆಸ್ಪತ್ರೆಯನ್ನು ಸೇರಿದರು. ಮರುವಾಯಿಯು ಆ ಕಡೆಯ ಬಡವರ ಮನೆಯಲ್ಲಿ ದುಡ್ಡಿಲ್ಲದೆ ದೊರೆಯತಕ್ಕ ಆಹಾರ. ತಗ್ಗುನೀರಿನಲ್ಲಿ ಹೆಂಗಸರು ಮಕ್ಕಳು ಕೈಯಿಂದಲೇ ಹೆಕ್ಕಿ ತರುವರು. ನೀರಿನ ಬಣ್ಣದಲ್ಲಾಗಲಿ ಮಾಂಸದ ರುಚಿಯಲ್ಲಾಗಲಿ ಅವರಿಗೆ ಎಚ್ಚರಿಕೆ ಸಿಗುವಂತಿರಲಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕರುಣಾಸಾಗರ್ ದಂಪತಿಗಳೂ ಅವರ ಸಹೋದ್ಯೋಗಿಗಳೂ ವಿಚಾರಮಾಡಿ, ಇದು ಪಾಚಿಯ ವಿಷವೇ ಎಂದು 1984ರಲ್ಲಿ ಪ್ರಕಟಿಸಿದರು. ಹುಡುಗನ ಮಟ್ಟಿಗೆ ಆ ಜ್ಞಾನವು ತಡವಾಗಿ ಬಂದಿತು. 1997ರಲ್ಲಿ ಕೇರಳದ ವಿಳಿಂಜದಲ್ಲಿ ಇದೇ ವಿಷದಿಂದ ಏಳು ಮಂದಿ ಸತ್ತರು.

ಇದೆಲ್ಲ ಕಡಲಿನವರ ಪಾಡೆಂದು ವಾಚಕರು ಎಣಿಸಬಹುದು. 1953ರಿಂದ ನೀರು ಹರಿಸುತ್ತಿರುವ ತುಂಗಭದ್ರಾ ಜಲಾಶಯವು ಸಿಂಧನೂರಿನ ಜೋಳದ ಸೀಮೆಯನ್ನು ಬತ್ತದ ಸೀಮೆಯನ್ನಾಗಿ ಮಾಡಿತಷ್ಟೆ. ಅದರ ನೀರು ಹಸುರು ತಿರುಗಿದ ವರ್ತಮಾನವನ್ನು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಓದಿರುವೆವು. ನಿಂತ ಸಿಹಿನೀರಿನಲ್ಲಿ ಹೀಗೆ ಹಬ್ಬುವುದು ಸಾಮಾನ್ಯವಾಗಿ ನೀಲಹಸುರು ಪಾಚಿ. ಅದಕ್ಕೆ ಗೊಬ್ಬರವನ್ನು ಒದಗಿಸುವುದಕ್ಕೆ ಮುಂಗಾರಿನ ಗಾಳಿಯೇ ಬೇಕಾಗಿಲ್ಲ. ಊರುಗಳ ಕೊಳಚೆಯೂ ಹೊಲಗಳಿಂದ ತೊಳೆದುಬಂದ ರಾಸಾಯನಿಕ ಗೊಬ್ಬರವೂ ಸಾಕು. ಆ ಪಾಚಿಯಲ್ಲಿ ವಿಷವಿಲ್ಲದ ಜಾತಿಗಳೂ ಇವೆ, ಯಕೃತ್ತನ್ನು ಕೆಡಿಸತಕ್ಕ ವಿಷವುಳ್ಳವೂ ಇವೆ. ಯಾವುದು ಯಾವುದೆಂದು ಬರಿಗಣ್ಣಿಗೆ ತಿಳಿಯದು. ಕುದಿಸಿದರೆ ಈ ವಿಷವೂ ಹೋಗದು. ಸಿಂಧನೂರಿನ ಕುಡಿಯುವ ನೀರಿನ ಕೆರೆಯು ತುಂಬುವುದು ಆ ಜಲಾಶಯದ ಎಡದಂಡೆಯ ಕಾಲುವೆಯಿಂದಲೇ.