ಗುಳ್ಳೆ ಏಳುವ ಜಾಗ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಅದು ಊರಿನ ಎತ್ತರ ಕೊಟ್ಟ ಅಂಕಿ. ಮೊದಲ ಗುಳ್ಳೆ ಎಲ್ಲಿ ಹುಟ್ಟಬೇಕು, ಎಷ್ಟು ದಪ್ಪಗಾಗಿ ಬಿಟ್ಟೇಳಬೇಕು ಎಂಬುದರಲ್ಲಿ ಪಾತ್ರೆಯ ತಳದ್ದೂ ದೊಡ್ಡ ಪಾಲು. ಈ ಪಾಲನ್ನು ವಿಜ್ಞಾನ ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ತಕ್ಷಣ ಆವಿಯಾಗದೆ ಉರುಳಾಡುತ್ತವೆ. ಹನಿಯ ಕೆಳಗೆ ಹಬೆಯ ಪದರವೊಂದು ಮೂಡಿ ಅದನ್ನು ಎತ್ತಿ ಹಿಡಿದಿರುತ್ತದೆ. ಲೈಡನ್‌ಫ್ರಾಸ್ಟ್ 1756ರಲ್ಲೇ ಇದನ್ನು ಬರೆದಿಟ್ಟ. ಹನಿ ತಾನು ಕೂತ ಮೈಗೆ ಎಷ್ಟು ಅಂಟುತ್ತದೆ ಎಂಬುದಕ್ಕೆ ಸ್ಪರ್ಶಕೋನದ (ಹನಿಯ ಅಂಚು ಮೈಯೊಂದಿಗೆ ಮಾಡುವ ಕೋನದ) ಅಳತೆ ಕೊಟ್ಟವನು ಥಾಮಸ್ ಯಂಗ್, 1805ರಲ್ಲಿ. ಕೋನ ಚಿಕ್ಕದಾದಷ್ಟೂ ಮೈ ಚೆನ್ನಾಗಿ ಒದ್ದೆಯಾಗುತ್ತದೆ.

ಕುದಿತ ಮತ್ತು ಸ್ಪರ್ಶಕೋನ ಒಂದೇ ಲೆಕ್ಕದೊಳಗೆ ಸೇರಲು 1935ರವರೆಗೆ ಕಾಯಬೇಕಾಯಿತು. ಸ್ಪರ್ಶಕೋನ ಹೆಚ್ಚಿದಷ್ಟೂ ಗುಳ್ಳೆ ದೊಡ್ಡದಾಗಿ ಬೆಳೆದ ಮೇಲೆಯೇ ಮೈ ಬಿಡುತ್ತದೆ ಎಂದು ಜರ್ಮನಿಯ ಫ್ರಿಟ್ಜ್ ಸೂತ್ರ ಕೊಟ್ಟ. ಅದಕ್ಕೆ ಒಂದು ವರ್ಷ ಮೊದಲು, ಜಪಾನಿನ ನುಕಿಯಾಮ ನೀರಲ್ಲಿ ಮುಳುಗಿಸಿದ ತಂತಿಗೆ ವಿದ್ಯುತ್ ಹರಿಸಿ, ಕಾವು ಒಂದು ಮಿತಿ ದಾಟಿದೊಡನೆ ಹಬೆ ತಂತಿಯನ್ನು ಮುಚ್ಚಿಬಿಡುತ್ತದೆಂದು ತೋರಿಸಿದ್ದ. ನೀರು ತಾಕದ ತಂತಿ ಕರಗುವಷ್ಟು ಕಾಯುತ್ತದೆ. ಬಾಯ್ಲರಿನಿಂದ ಅಣು ಸ್ಥಾವರದವರೆಗೆ ಎಂಜಿನಿಯರುಗಳು ಅಂಜುವುದು ಈ ಮಿತಿಗೇ.

ಆ ಮಿತಿಗೆ ಕುಟಟೆಲಾಡ್ಜೆ (1948), ಜ಼ೂಬರ್ (1959) ಕೊಟ್ಟ ಪ್ರಸಿದ್ಧ ಸೂತ್ರಗಳಲ್ಲಿ ದ್ರವ ಮತ್ತು ಹಬೆಯ ಗುಣಗಳಿವೆ, ಕಾದ ಮೈ ಎಂಥದ್ದೆಂಬ ಮಾತೇ ಇಲ್ಲ. ಸೊಗಸಾದ ಸೂತ್ರಗಳು, ನಿಜ. ಆದರೆ ಅವುಗಳ ಸೊಗಸೇ ಮೈಯ ಕಡೆ ನೋಡದಂತೆ ಮಾಡಿತೆಂದು ನನಗನಿಸುತ್ತದೆ. ಅದೇ ಹೊತ್ತಿಗೆ, 1958ರಲ್ಲಿ, ಬ್ಯಾಂಕಾಫ್ ಬೇರೆ ಜಾಡು ಹಿಡಿದಿದ್ದ: ಮೈಮೇಲಿನ ಸಣ್ಣ ಕುಳಿಗಳಲ್ಲಿ ಸಿಕ್ಕಿಬಿದ್ದ ಗಾಳಿಯೇ ಗುಳ್ಳೆಗಳ ಬೀಜ. ಚೆನ್ನಾಗಿ ಒದ್ದೆಯಾಗುವ ಮೈಯಲ್ಲಿ ನೀರು ಕುಳಿಯೊಳಗೆ ನುಗ್ಗಿ ಆ ಬೀಜವನ್ನೇ ಮುಳುಗಿಸುತ್ತದೆ.

ಇಕ್ಕಟ್ಟು ಹುಟ್ಟುವುದು ಇಲ್ಲೇ. 1993ರಲ್ಲಿ ವಾಂಗ್ ಮತ್ತು ವಿಜಯ್ ಧೀರ್ ತಾಮ್ರವನ್ನು ಉತ್ಕರ್ಷಿಸಿ ಸ್ಪರ್ಶಕೋನವನ್ನು 90 ಡಿಗ್ರಿಯಿಂದ 18ಕ್ಕೆ ಇಳಿಸಿದಾಗ ಗುಳ್ಳೆ ಏಳುವ ಜಾಗಗಳು ಕಡಿಮೆಯಾದವು, ಸುಟ್ಟುಹೋಗುವ ಮಿತಿ ಮಾತ್ರ ಮೇಲೇರಿತು. ನೀರನ್ನು ದೂರವಿಡುವ ಮೈಯಲ್ಲಿ ಕುದಿ ಬೇಗ ಶುರುವಾಗುತ್ತದೆ, ಹಬೆಯೂ ಬೇಗ ಕವಿಯುತ್ತದೆ. 2001ರಲ್ಲಿ ಸತೀಶ್ ಕಾಂಡ್ಲೀಕರ್ ಮಿತಿಯ ಸೂತ್ರದೊಳಕ್ಕೇ ಸ್ಪರ್ಶಕೋನವನ್ನು ತಂದರು.

ಎರಡೂ ಗುಣ ಒಂದೇ ಮೈಯಲ್ಲಿದ್ದರೆ? ಟೆಫ್ಲಾನಿನ ಚುಕ್ಕಿಗಳಿಟ್ಟ ಉಕ್ಕಿನಲ್ಲಿ ನೀರು ಚೆನ್ನಾಗಿ ಕುದಿಯುತ್ತದೆಂದು 1960ರ ದಶಕದ ನಡುವಿನಲ್ಲೇ ಯಂಗ್ ಮತ್ತು ಹಮ್ಮಲ್ ತೋರಿಸಿದ್ದರು. ಏಮಿ ಬೆಟ್ಜ್ ಮತ್ತು ಸಂಗಡಿಗರು 2010ರಲ್ಲಿ ಅದನ್ನು ಸೂಕ್ಷ್ಮ ವಿನ್ಯಾಸಗಳಲ್ಲಿ ಮಾಡಿದರು: ನೀರೊಲ್ಲದ ಚುಕ್ಕಿಗಳಲ್ಲಿ ಗುಳ್ಳೆ ಹುಟ್ಟುತ್ತದೆ, ಸುತ್ತಲಿನ ನೀರೊಲಿದ ಮೈ ಹಬೆ ಹರಡದಂತೆ ತಡೆಯುತ್ತದೆ.

ಈಗಿರುವ ತೊಡಕು ಬಾಳಿಕೆಯದು. ಲೇಪ ಸವೆಯುತ್ತದೆ, ಗಡಸು ನೀರು ಬಿಟ್ಟುಹೋಗುವ ಸುಣ್ಣದ ಪೊರೆ ಸ್ಪರ್ಶಕೋನವನ್ನೇ ಬದಲಿಸುತ್ತದೆ. ಪ್ರಯೋಗಶಾಲೆಯ ಶುದ್ಧ ನೀರಿನಲ್ಲಿ ಕೆಲವು ಗಂಟೆ ಗೆದ್ದ ಮೈಯನ್ನು ನಲ್ಲಿ ನೀರಿನಲ್ಲಿ ತಿಂಗಳುಗಟ್ಟಲೆ ಕುದಿಸಿ ನೋಡುವ ಕೆಲಸ ಇನ್ನೂ ಬಹಳಷ್ಟು ಬಾಕಿಯಿದೆ.