ಒಲೆ ಇಲ್ಲದ ಮನೆ

1977ರಲ್ಲಿ ಕೆನಡಾದ ರೆಜೈನಾ ಅನ್ನೋ ಊರಲ್ಲಿ ಒಂದು ಮನೆ ಕಟ್ಟಿದರು. ನೋಡೋಕೆ ಏನೂ ವಿಶೇಷ ಇಲ್ಲ, ಚೌಕಾಕಾರದ ಡಬ್ಬ ಇಟ್ಟ ಹಾಗೆ ಎರಡು ಅಂತಸ್ತು. ವಿಶೇಷ ಇದ್ದದ್ದು ಅದರಲ್ಲಿ ಇಲ್ಲದ ವಸ್ತುವಿನಲ್ಲಿ. ಆ ಮನೆಗೆ ಫರ್ನೇಸ್ ಇರಲಿಲ್ಲ.

ಇದು ಎಂಥ ಧೈರ್ಯ ಅಂತ ನಮಗೆ ಥಟ್ಟನೆ ಗೊತ್ತಾಗಲ್ಲ. ಫರ್ನೇಸ್ ಅಂದರೆ ನೆಲಮಾಳಿಗೆಯಲ್ಲಿ ಗ್ಯಾಸೋ ಎಣ್ಣೆಯೋ ಉರಿಸಿ, ಬಿಸಿಗಾಳಿಯನ್ನ ಕೊಳವೆಗಳಲ್ಲಿ ಮನೆ ತುಂಬಾ ಊದೋ ಯಂತ್ರ. ಅಲ್ಲಿನ ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 30 ದಾಟೋದು ಮಾಮೂಲು. ಅಂಥ ಊರಲ್ಲಿ ಫರ್ನೇಸ್ ಇಲ್ಲದ ಮನೆ ಅಂದರೆ, ನಮ್ಮ ಕಡೆ ಬಾವಿಯೂ ಇಲ್ಲದ ನಲ್ಲಿಯೂ ಇಲ್ಲದ ಮನೆ ಇದ್ದ ಹಾಗೆ.

ಕಥೆ ಶುರುವಾಗೋದು 1973ರ ತೈಲ ಬಿಕ್ಕಟ್ಟಿನಿಂದ. ಎಣ್ಣೆ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಏರಿತು. ಎಲ್ಲರ ಬಾಯಲ್ಲೂ ಸೋಲಾರ್, ಸೋಲಾರ್. ಸಸ್ಕಾಚೆವಾನ್ ಪ್ರಾಂತ್ಯದ ಸರ್ಕಾರಕ್ಕೂ ಒಂದು ಸೋಲಾರ್ ಮನೆ ಕಟ್ಟಿ ತೋರಿಸೋ ಆಸೆ ಬಂತು. ಕೆಲಸ ಬಂದದ್ದು ಹೆರಾಲ್ಡ್ ಆರ್, ರಾಬರ್ಟ್ ಬೆಸಂಟ್, ರಾಬ್ ಡುಮಾಂಟ್ ಮೊದಲಾದ ಇಂಜಿನಿಯರುಗಳ ತಂಡಕ್ಕೆ.

ಇವರು ಲೆಕ್ಕ ಹಾಕಿ ನೋಡಿದರು. ಶಾಖ ಬೇಕಾಗಿರೋದು ಡಿಸೆಂಬರ್, ಜನವರಿಯಲ್ಲಿ. ಆಗ ಸೂರ್ಯ ಬರೋದೇ ತಡ, ಹೋಗೋದು ಬೇಗ. ಬೇಕಾದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಬೇಕಾಗಿಲ್ಲ. ಹಾಗಾದರೆ ಶಾಖ ಎಲ್ಲಿಂದ ತರೋದು ಅನ್ನೋ ಪ್ರಶ್ನೆಯನ್ನ ಬದಿಗಿಟ್ಟು, ಇರೋ ಶಾಖ ಎಲ್ಲಿಂದ ಹೋಗ್ತಿದೆ ಅಂತ ಹುಡುಕಿದರು. ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು? ನನ್ನ ಪ್ರಕಾರ ಇಡೀ ಯೋಜನೆಯ ಜಾಣತನ ಇರೋದು ಇಲ್ಲೇ. ಉಳಿದದ್ದೆಲ್ಲ ಬಡಗಿ ಕೆಲಸ.

ಆ ಬಡಗಿ ಕೆಲಸವೂ ಸಣ್ಣದಲ್ಲ. ಗೋಡೆ ಸುಮಾರು 12 ಇಂಚು ದಪ್ಪ, ಒಳಗೆ ಪೂರ್ತಿ ಶಾಖನಿರೋಧಕ. ಚಾವಣಿಗೆ ಅದಕ್ಕಿಂತ ಹೆಚ್ಚು. ನಮ್ಮ ಕಂಬಳಿ ಬೆಚ್ಚಗಿರೋದು ಉಣ್ಣೆ ಬಿಸಿ ಅಂತ ಅಲ್ಲ, ಅದರ ಎಳೆಗಳ ನಡುವೆ ಗಾಳಿ ಅಲ್ಲಾಡದೆ ಸಿಕ್ಕಿಕೊಂಡಿರುತ್ತೆ ಅಂತ. ಶಾಖನಿರೋಧಕ ಅಂದರೂ ಅಷ್ಟೇ, ಮನೆಗೆ ಹೊದಿಸಿದ ಕಂಬಳಿ. ಇದು ಹೊಸ ವಿದ್ಯೆಯೂ ಅಲ್ಲ. 1893ರಲ್ಲಿ ನಾರ್ವೆಯ ನಾನ್ಸೆನ್ ಉತ್ತರ ಧ್ರುವದ ಕಡೆ ಹೊರಟ ‘ಫ್ರಾಮ್’ ಹಡಗಿನ ಗೋಡೆ, ಚಾವಣಿಗಳಿಗೆ ಕಾರ್ಕ್, ಫೆಲ್ಟ್, ಹಿಮಸಾರಂಗದ ಕೂದಲು ಎಲ್ಲ ಪದರಪದರವಾಗಿ ತುಂಬಿದ್ದರು.

ಆದರೆ ಕಂಬಳಿಯೇ ತೂತಾಗಿದ್ದರೆ? ಒಂದು ಚಳಿಗಾಲ ನಾನು ಪ್ರಾಜೆಕ್ಟ್ ಮೇಲೆ ಕ್ಯಾಲ್ಗರಿಯಲ್ಲಿದ್ದೆ. ಬಾಡಿಗೆ ರೂಮಿನ ಸ್ವಿಚ್ ಬೋರ್ಡಿನ ಹತ್ತಿರ ಕೈ ಹಿಡಿದರೆ ಗಾಳಿ ಸೂಜಿ ಚುಚ್ಚಿದ ಹಾಗೆ ಬರ್ತಿತ್ತು. ಗೋಡೆ ಚೆನ್ನಾಗೇ ಇತ್ತು, ಸೋರುತ್ತಿದ್ದದ್ದು ಸಂದಿ. ರೆಜೈನಾದವರು ಗೋಡೆ, ಚಾವಣಿ ಎಲ್ಲ ಸೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿ, ವೈರು ಪೈಪು ಹಾದುಹೋಗೋ ಒಂದೊಂದು ಜಾಗವನ್ನೂ ಮುಚ್ಚಿದರು.

ಮುಚ್ಚಿದ್ದು ಸರಿಯಾಗಿದೆಯಾ ಅಂತ ನೋಡೋ ವಿಧಾನವೂ ಅದೇ ಕಾಲದಲ್ಲಿ ಬೆಳೀತಾ ಇತ್ತು. ಸ್ವೀಡನ್ನಿನಲ್ಲಿ ಕಿಟಕಿಗೆ ಫ್ಯಾನ್ ಕೂರಿಸಿ ಶುರು ಮಾಡಿದ ಪರೀಕ್ಷೆ ಆಮೇಲೆ ಬಾಗಿಲಿಗೆ ಬಂತು. ಫ್ಯಾನಿನಿಂದ ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತರೋದು (ಸುಮಾರು 5 ಮಿಲಿಮೀಟರ್ ಎತ್ತರದ ನೀರಿನ ಒತ್ತಡ, ಅಷ್ಟೇ), ಗಂಟೆಗೆ ಎಷ್ಟು ಸಲ ಮನೆಯ ಗಾಳಿ ಬದಲಾಗುತ್ತೆ ಅಂತ ಅಳೆಯೋದು. ರೆಜೈನಾ ಮನೆಯ ಅಂಕಿ 0.8. ಅಂದರೆ ಅಷ್ಟು ಒತ್ತಿದರೂ ಗಂಟೆಗೆ ಒಂದು ಸಲ ಪೂರ್ತಿ ಬದಲಾಗಲ್ಲ. ನಮ್ಮ ಕೋಡಿಗೆ ಟೆಸ್ಟ್ ಬರೀತೀವಲ್ಲ, ಹಾಗೆ ಮನೆಗೆ ಬರೆದ ಟೆಸ್ಟ್ ಇದು. ಫೇಲ್ ಆದರೆ ಹೊಗೆಕಡ್ಡಿ ಹಿಡಿದು ಬಗ್ ಹುಡುಕಬಹುದು.

ಈಗ ನಿಮಗೂ ಅನ್ನಿಸಿರುತ್ತೆ: ಉಸಿರು ಕಟ್ಟಲ್ವಾ? ನಮ್ಮಜ್ಜಿ ಮನೆಯಲ್ಲಿ ಒಲೆ ಹೊಗೆ ಹಂಚಿನ ಸಂದಿಯಿಂದ ತಾನಾಗೇ ಹೋಗ್ತಿತ್ತು, ಗವಾಕ್ಷಿಯಿಂದ ಹೊಸ ಗಾಳಿ ಬರ್ತಿತ್ತು. ಬಿಗಿಯಾದ ಮನೆಯಲ್ಲಿ ಜನರ ಉಸಿರು, ಅಡುಗೆಯ ಹಬೆ, ಸ್ನಾನದ ಹಬೆ ಎಲ್ಲ ಒಳಗೇ ಉಳಿದು ಕಿಟಕಿಯಲ್ಲಿ ನೀರಿಳಿಯುತ್ತೆ, ಗೋಡೆ ಬೂಷ್ಟು ಹಿಡಿಯುತ್ತೆ. ಕಿಟಕಿ ತೆಗೆದರೆ ಉಳಿಸಿದ ಶಾಖ ಎಲ್ಲ ಹೋಯ್ತು. ಇದಕ್ಕೆ ಬೆಸಂಟ್ ಮತ್ತು ಜೊತೆಯವರು ಮಾಡಿದ ಉಪಾಯ ನನಗೆ ಬಹಳ ಇಷ್ಟ. ಪ್ಲಾಸ್ಟಿಕ್ ಹಾಳೆಗಳನ್ನ ಸಣ್ಣ ಸಣ್ಣ ಅಂತರ ಬಿಟ್ಟು ಜೋಡಿಸಿ ಒಂದು ಪೆಟ್ಟಿಗೆ ಮಾಡಿದರು. ಹೊರಹೋಗೋ ಬೆಚ್ಚನೆ ಹಳಸು ಗಾಳಿ ಹಾಳೆಯ ಒಂದು ಕಡೆ, ಒಳಬರೋ ತಣ್ಣನೆ ಹೊಸ ಗಾಳಿ ಇನ್ನೊಂದು ಕಡೆ. ಎರಡೂ ಬೆರೆಯಲ್ಲ, ಆದರೆ ಹೋಗೋದು ತನ್ನ ಶಾಖವನ್ನ ಬರೋದಕ್ಕೆ ಕೊಟ್ಟು ಹೋಗುತ್ತೆ. ಇವತ್ತು ಚಳಿ ದೇಶಗಳ ಹೊಸ ಮನೆಗಳಲ್ಲಿ ಕಾಣೋ ಶಾಖ ಉಳಿಸೋ ವೆಂಟಿಲೇಟರಿಗೆ ಇಂಥ ಪೆಟ್ಟಿಗೆಗಳೇ ಹಿರೀಕರು.

ಸರ್ಕಾರದ ಸೋಲಾರ್ ಆಸೆಯನ್ನೂ ಬಿಡೋ ಹಾಗಿರಲಿಲ್ಲ. ಗಾಜಿನ ನಿರ್ವಾತ ಕೊಳವೆಗಳ ಸೋಲಾರ್ ವ್ಯವಸ್ಥೆಯನ್ನ ಕೂರಿಸಿದರು, ಖರ್ಚು ಸುಮಾರು 65,000 ಡಾಲರ್. ಆ ಕಾಲಕ್ಕೆ ಅದು ಒಂದು ಮನೆಯದೇ ಬೆಲೆ. ಮೂಗಿಗಿಂತ ಮೂಗುತಿ ಭಾರ! ಸಾವಿರಾರು ಜನ ಮನೆ ನೋಡೋಕೆ ಬಂದರು. ಹೊರಗಿನಿಂದ ಕಣ್ಣಿಗೆ ಬೀಳ್ತಿದ್ದದ್ದು ಮಿರಮಿರ ಮಿಂಚೋ ಕೊಳವೆ. ಗೋಡೆಯೊಳಗಿನ ಹತ್ತಿಯಂಥ ವಸ್ತುವನ್ನ ಯಾರು ಫೋಟೋ ತೆಗೀತಾರೆ?

ಆರ್ ಮತ್ತು ಡುಮಾಂಟ್ 1982ರಲ್ಲಿ ಸಸ್ಕಟೂನಿನ ಒಂದು ಹಳೇ ಮನೆಯನ್ನೂ ಸರಿಮಾಡಿದರು. ಗರಗಸ ತಗೊಂಡು ಚಾವಣಿಯ ಮುಂಚಾಚು ಕತ್ತರಿಸಿ, ಇಡೀ ಮನೆಗೆ ಹೊರಗಿನಿಂದ ಪ್ಲಾಸ್ಟಿಕ್ ಸುತ್ತಿ, ಮೇಲೆ ದಪ್ಪ ಹೊದಿಕೆ ಹಾಕಿದರು. ಸೋರಿಕೆ ಹತ್ತರಲ್ಲಿ ಒಂದು ಪಾಲಿಗೆ ಇಳೀತು. ಅದೇ ಸುಮಾರಿಗೆ ಕೆನಡಾ ‘ಆರ್-2000’ ಅನ್ನೋ ಯೋಜನೆಯನ್ನೂ ತಂತು. ಆದರೆ 1986ರಲ್ಲಿ ಎಣ್ಣೆ ಬೆಲೆ ಕುಸಿದು ಬಿತ್ತು. ಎಣ್ಣೆ ಅಗ್ಗವಾದ ಮೇಲೆ ಗೋಡೆ ದಪ್ಪ ಮಾಡೋಕೆ ಯಾರಿಗೆ ಬೇಕಿತ್ತು?

ಬೇಕಾಗಿದ್ದದ್ದು ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್‌ಗೆ. 1988ರಲ್ಲಿ ಸ್ವೀಡನ್ನಿನ ಬೋ ಆಡಮ್ಸನ್ ಜೊತೆ ಕೂತು, ಉತ್ತರ ಅಮೆರಿಕದಲ್ಲಿ ಆಗಿದ್ದ ಇಂಥ ಪ್ರಯೋಗಗಳ ಪಾಠ ಸೇರಿಸಿ ‘ಪಾಸಿವ್‌ಹೌಸ್’ ಕಲ್ಪನೆ ರೂಪಿಸಿದರು. ಡಾರ್ಮ್‌ಸ್ಟಾಟ್ ಊರಲ್ಲಿ ನಾಲ್ಕು ಮನೆಗಳ ಒಂದು ಸಾಲು ಎದ್ದಿತು. 1991ರಲ್ಲಿ ಫೈಸ್ಟ್ ಕುಟುಂಬವೇ ಒಂದರಲ್ಲಿ ವಾಸಕ್ಕೆ ಬಂತು. ಇದು ನನಗೆ ಮುಖ್ಯ ಅನ್ನಿಸುತ್ತೆ, ತಾನು ಬರೆದ ಕೋಡನ್ನ ಮೊದಲು ತನ್ನ ಮನೆಯಲ್ಲೇ ಓಡಿಸಿದ ಮನುಷ್ಯ. ಮುಂದೆ ಬಂದ ಮಾನದಂಡ: ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಶಾಖ, ಸೋರಿಕೆ 0.6ರೊಳಗೆ. 100 ಚದರ ಮೀಟರ್ ಮನೆಗೆ ಇಡೀ ಚಳಿಗಾಲಕ್ಕೆ 1,500 ಯೂನಿಟ್. ಅಲ್ಲಿನ ಹಳೇ ಮನೆಗಳಿಗೆ ಅದರ ಹತ್ತು ಪಟ್ಟು ಬೇಕಾಗೋದು ಮಾಮೂಲು.

ಬೆಂಗಳೂರಲ್ಲಿ ಇದನ್ನ ಹಾಗೇ ಕಾಪಿ ಮಾಡೋದು ಬೇಡ. ನಮ್ಮ ಹವೆಗೆ ಎದುರುಬದುರು ಕಿಟಕಿ, ನೆರಳು ಸಾಕು. ಆದರೆ ಟಾಪ್ ಫ್ಲೋರಿನ ತಾರಸಿಗೆ ಬಿಳಿ ಬಳಿಯೋ ಮೊದಲೇ ದೊಡ್ಡ ಎಸಿ ತರೋ ಗೆಳೆಯರನ್ನ ಕಂಡಾಗ ನನಗೆ ಆ 65,000 ಡಾಲರಿನ ಕೊಳವೆಗಳೇ ಕಣ್ಣ ಮುಂದೆ ಬರುತ್ತವೆ.

ರೆಜೈನಾ ಮನೆಯನ್ನ ಸರ್ಕಾರ ಆಮೇಲೆ ಮಾರಿಬಿಟ್ಟಿತು. ನೋಡಿಕೊಳ್ಳೋಕೆ ಕಷ್ಟವಾದ ಸೋಲಾರ್ ಕೊಳವೆಗಳನ್ನ ಕಿತ್ತು ಹಾಕಿದರು. 2015ರಲ್ಲಿ ಫೈಸ್ಟ್ ಕಟ್ಟಿದ ಸಂಸ್ಥೆ ಆ ಮನೆಯ ಕೆಲಸಕ್ಕೆ ಪಯೊನೀರ್ ಪ್ರಶಸ್ತಿ ಕೊಟ್ಟಿತು. 12 ಇಂಚಿನ ಗೋಡೆ ಅಷ್ಟು ವರ್ಷವೂ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇತ್ತು.