ಚೆಂಡು: ಹೂವಿನ ಸರದಿಂದ ಆಟದ ಬಯಲಿಗೆ

ದೀಪಾವಳಿಯ ಗೋಪೂಜೆಯ ದಿನ ಮಲೆನಾಡಿನ ಸಿಗಂದೂರು, ತುಮರಿ ಕಡೆಯ ಕೊಟ್ಟಿಗೆಗಳಲ್ಲಿ ದನಗಳ ಕೊರಳು ಬರಿದಾಗಿರುವುದಿಲ್ಲ. ಅಡಿಕೆ, ವೀಳ್ಯದೆಲೆ, ಪಚ್ಚೆತೆನೆಗಳ ಜೊತೆಗೆ ಬಾಳೆನಾರಿನಲ್ಲಿ ಕಟ್ಟಿದ ಚೆಂಡುಹೂವಿನ ಸರವೂ ಇರಬೇಕು. ಒಂದು ಹೂವನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರೆ ಈ ಹೆಸರು ಯಾಕೆ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ. ಎಸಳಿಗೆ ಎಸಳು ಒತ್ತಿಕೊಂಡು, ಯಾವ ಕಡೆಯಿಂದ ನೋಡಿದರೂ ಗುಂಡಗೆ. ಆದರೆ ಇದರ ತವರು ಮೆಕ್ಸಿಕೊ ಸೀಮೆ. ಯುರೋಪಿನವರ ಹಡಗುಗಳು ಅಮೆರಿಕದ ದಾರಿ ಕಂಡುಕೊಂಡ ಮೇಲಷ್ಟೇ ಅದು ನಮ್ಮ ಹಿತ್ತಿಲಿಗೆ ಬಂತು. ಹೂವು ಹೊಸದು, ಅದಕ್ಕೆ ಸಿಕ್ಕ ಹೆಸರು ಮಾತ್ರ ಹಳೆಯದು.

ಆ ಹೆಸರಿನ ಬಳಗ ದೊಡ್ಡದು. ತುಳುವಿನಲ್ಲಿ, ತೆಲುಗಿನಲ್ಲಿ ಚೆಂಡು, ಮರಾಠಿಯಲ್ಲಿ ಚೇಂಡೂ, ತಮಿಳಿನಲ್ಲಿ ಸೆಂಡು. ತೆಲುಗಿಗೆ ಬಂತಿ ಎಂಬ ಇನ್ನೊಂದು ಮಾತೂ ಇದೆ, ಅಲ್ಲಿ ಈ ಹೂವು ಬಂತಿಪುವ್ವು. ತಮಿಳಿಗೆ ಸೆಂಡುಮಲ್ಲಿ. ಹಿಂದಿಯವರು ಚೆಂಡಿಗೆ ಗೇಂದ್ ಎಂದರು, ಹೂವಿಗೆ ಗೇಂದಾ ಎಂದರು. ಒಂದೇ ಹೂವು ಭಾಷೆ ಭಾಷೆಯ ಕಣ್ಣಿಗೂ ಚೆಂಡಾಗಿಯೇ ಕಂಡಿತು.

ಮದುವೆಮನೆಯಲ್ಲಿ ವಧೂವರರು ಎಸೆದಾಡುವುದು ಹೂಚೆಂಡು. ಹೂವಿಗೆ ಚೆಂಡಿನ ಹೆಸರು ಕೊಟ್ಟ ಕನ್ನಡವೇ ಹೂವನ್ನು ಸುತ್ತಿ ಚೆಂಡನ್ನೂ ಮಾಡಿತು. ದ್ರೋಣರು ದರ್ಭೆಯಿಂದ ಬಾವಿಯೊಳಗಿನ ಆಟಿಕೆಯನ್ನು ಮೇಲೆತ್ತಿದ ಕತೆ ಸಂಸ್ಕೃತ ಮಹಾಭಾರತದಲ್ಲಿದೆ. ಅಲ್ಲಿ ಆ ಆಟಿಕೆಗಿರುವ ಹೆಸರು ವೀಟಾ. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವಾಗ ಬಾವಿಗೆ ಬೀಳುವುದು ಚೆಂಡೇ. ಇದೇ ಪದ ರಣರಂಗಕ್ಕೂ ಹೋಯಿತು. ಶತ್ರುಗಳ ರುಂಡಗಳನ್ನು ಚೆಂಡಾಡುವ ವೀರರು ನಮ್ಮ ಕಾವ್ಯಗಳಲ್ಲೂ ಯಕ್ಷಗಾನದಲ್ಲೂ ತುಂಬಿದ್ದಾರೆ. ಆ ಕ್ರೌರ್ಯ ಕಳೆದು ಈಗ ಉಳಿದಿರುವುದು ಕ್ರೀಡಾಪುಟದ ಚೆಂಡಾಟ. ಬ್ಯಾಟರ್ ಬೌಲರ್‌ಗಳನ್ನು ಚೆಂಡಾಡುತ್ತಾನೆ.

ಘಟ್ಟ ಇಳಿದರೆ ಈ ಪದಕ್ಕೆ ದೇವರ ಸನ್ನಿಧಿಯೂ ಸಿಗುತ್ತದೆ. ಬಂಟ್ವಾಳ ತಾಲ್ಲೂಕಿನ ಪೊಳಲಿಯಲ್ಲಿ, ಫಲ್ಗುಣಿ ಹೊಳೆಯ ದಂಡೆಯ ರಾಜರಾಜೇಶ್ವರಿ ದೇವಸ್ಥಾನದಲ್ಲಿ ತಿಂಗಳಿಡೀ ನಡೆಯುವ ಜಾತ್ರೆಯಲ್ಲಿ ಐದು ದಿನ ಚೆಂಡಿಗೇ ಮೀಸಲು. ಚರ್ಮದಲ್ಲಿ ಹೊಲಿದ ದೊಡ್ಡ ಚೆಂಡು, ಎರಡು ಪಂಗಡ, ಬಯಲಾದ ಗದ್ದೆ. ಆ ಗದ್ದೆಯ ಹೆಸರೇ ಚೆಂಡಿನ ಗದ್ದೆ, ಆ ಉತ್ಸವಕ್ಕೆ ಜನ ಅನ್ನುವುದು ಪೊಳಲಿ ಚೆಂಡು. ಆಟದ ಸಲಕರಣೆಯ ಹೆಸರು ಇಡೀ ಹಬ್ಬದ ಹೆಸರಾಯಿತು.

ಹೀಗೆ ಸಲಕರಣೆಯ ಹೆಸರೇ ಆಟದ ಹೆಸರಾಗುವುದು ದೂರದಲ್ಲೂ ನಡೆದಿದೆ. 1869ರ ನವೆಂಬರ್ 6ರಂದು ಅಮೆರಿಕದ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಫುಟ್‌ಬಾಲ್ ಆಡಿದಾಗ ಒಂದೊಂದು ಕಡೆಗೆ 25 ಮಂದಿ ಆಟಗಾರರು, ಚೆಂಡು ದುಂಡಗಿತ್ತು, ಅದನ್ನು ಎತ್ತಿಕೊಂಡು ಓಡುವಂತಿರಲಿಲ್ಲ. ರಟ್ಗರ್ಸ್ 6-4ರಿಂದ ಗೆದ್ದಿತು. 1876ರಲ್ಲಿ ಅಲ್ಲಿನ ಕಾಲೇಜುಗಳು ರಗ್ಬಿ ನಿಯಮಗಳಿಗೆ ಹೊರಳಿದವು. ಚೆಂಡು ಮೊಟ್ಟೆಯಾಕಾರಕ್ಕೆ ತಿರುಗಿತು, ಅದನ್ನು ತಬ್ಬಿಕೊಂಡು ಓಡುವುದೇ ಆಟವಾಯಿತು. 1896ರ ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ಏಳು ವಿಶ್ವವಿದ್ಯಾಲಯಗಳು ಕೂಡಿ ವೆಸ್ಟರ್ನ್ ಕಾನ್ಫರೆನ್ಸ್ ಎಂಬ ಕ್ರೀಡಾಕೂಟ ಕಟ್ಟಿದವು. ಆ ವರ್ಷದ ಮೊದಲ ಋತುವಿನಲ್ಲಿ ಕೂಟದೊಳಗಿನ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಗೆದ್ದ ವಿಸ್ಕಾನ್ಸಿನ್ ತಂಡದವರು ಆಡಿದ್ದು ಇಂಥ ಆಟ. ಕಾಲಿನ ಕೆಲಸ ಕಡಿಮೆಯಾಗಿತ್ತು, ದುಂಡು ಹೋಗಿತ್ತು, ಹೆಸರು ಮಾತ್ರ ಫುಟ್‌ಬಾಲ್ ಎಂದೇ ಉಳಿದಿತ್ತು.

ನಮ್ಮಲ್ಲಿಗೆ ಬಂದದ್ದು ದುಂಡು ಚೆಂಡಿನ ಫುಟ್‌ಬಾಲ್. ಕನ್ನಡ ಆ ಹೊಸ ಆಟಕ್ಕೂ ತನ್ನ ಹಳೆಯ ಪದವನ್ನೇ ಕೊಟ್ಟಿತು. ಕಾಲ್ನಡೆ, ಕಾಲ್ದಾರಿಗಳ ಸಾಲಿನಲ್ಲಿ ಕಾಲ್ಚೆಂಡು ಸಲೀಸಾಗಿ ಕುಳಿತಿತು. ಕ್ರಿಕೆಟ್ ಬಂದಾಗ ಕನ್ನಡ ಇನ್ನೂ ಒಂದು ಜಾಣ್ಮೆ ತೋರಿತು. ಇಂಗ್ಲಿಷಿನಲ್ಲಿ ಕೈಯಲ್ಲಿರುವುದೂ ಬಾಲ್, ಓವರಿಗೆ ಆರು ಬಾರಿ ಹಾಕುವುದೂ ಬಾಲ್. ನಮ್ಮ ವರದಿಗಾರರು ವಸ್ತುವಿಗೆ ಚೆಂಡು, ಕ್ರಿಯೆಗೆ ಎಸೆತ ಎಂದು ಬೇರ್ಪಡಿಸಿದರು. "30 ಎಸೆತಗಳಲ್ಲಿ 50 ರನ್" ಅಂದಾಗ ಯಾರಿಗೂ ಗೊಂದಲವಿಲ್ಲ.

ಇಷ್ಟು ದೂರ ಬಂದ ಪದ ಈಗ ಶಾಲೆಯ ಬಯಲಿನಲ್ಲೇ ಸೊರಗುತ್ತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳೂ "ಬಾಲ್ ಕೊಡೋ" ಅನ್ನುತ್ತಾರೆ. ಬಾಲ್ ಬಂದದ್ದರಲ್ಲಿ ತಪ್ಪೇನಿಲ್ಲ, ಆದರೆ ಚೆಂಡು ಹೋದರೆ ಅದೊಂದೇ ಹೋಗುವುದಿಲ್ಲ. ಆಡುವ ಚೆಂಡನ್ನು ಆ ಹೆಸರಿನಿಂದ ಕರೆಯದ ಮಗುವಿಗೆ ಚೆಂಡುಹೂವು ಅರ್ಥವಿಲ್ಲದ ಬರಿಯ ಹೆಸರು, ಚೆಂಡಾಡು ಬಾಯಿಪಾಠದ ನುಡಿಗಟ್ಟು. ಬೇರು ಬಳಕೆಯಲ್ಲಿದ್ದರೆ ಮಾತ್ರ ಕೊಂಬೆಗಳು ಹಸಿರಾಗಿರುತ್ತವೆ. ಆಟ ಕಲಿಸುವ ಮೇಷ್ಟ್ರು ದಿನಕ್ಕೊಮ್ಮೆ "ಚೆಂಡು ತಗೊಂಡು ಬಾರೋ" ಅಂದರೂ ಸಾಕು, ಹೂವು, ಹಬ್ಬ, ಕಾವ್ಯ ಮೂರಕ್ಕೂ ಅವರು ನೀರೆರೆದಂತೆ.